ಎಲ್ಡನ್ ಬಿಟ್ಟ ಮನೆ

ಮಾರ್ಲಾ ಮಗಳನ್ನು ಕಟ್ಟಿಕೊಂಡು ತಂಗಿಯ ಮನೆಯ ನೆಲಮಾಳಿಗೆ ಸೇರಿ ಒಂದಿಡೀ ಚಳಿಗಾಲ ಕಳೆದಿತ್ತು. ಹಂದಿಮಾಂಸದ ಕಾರ್ಖಾನೆ ಬಂದ ಮೇಲೆ ಅಮೆರಿಕದ ಅಯೋವಾದ ಆ ಪುಟ್ಟ ಊರಿನಲ್ಲಿ ಬಾಡಿಗೆ ಮನೆಗಳೆಲ್ಲ ತುಂಬಿಹೋಗಿದ್ದವು. ಉಳಿದವಕ್ಕೆ ಕೇಳುತ್ತಿದ್ದ ಬಾಡಿಗೆ, ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುವ ಅವಳ ಸಂಬಳವನ್ನೇ ನುಂಗುವಂತಿತ್ತು. ಊಟಕ್ಕೆ ಕೂತಾಗ "ಇನ್ನೂ ಸಿಕ್ಕಿಲ್ವಾ?" ಎಂದು ಕೇಳುವುದನ್ನು ತಂಗಿಯ ಗಂಡ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಕೊನೆಗೆ ಹಾರ್ಡ್‌ವೇರ್ ಅಂಗಡಿಯ ವೆಂಡೆಲ್‌ನನ್ನು ಕೇಳಿದಳು.

"ಅಂಗಡಿ ಮೇಲಿನ ಮನೆ ಇದೆ ಕಣಮ್ಮ, ಹಳೇ ಬಾಡಿಗೆಗೇ ಕೊಡ್ತೀನಿ. ಆದ್ರೆ ಎಲ್ಡನ್ ಬಿಡ್ಬೇಕಲ್ಲ? ನಿಮ್ಮ ಆಶ್ರಮದಲ್ಲೇ ಇದಾನೆ. ಸೊಂಟ ಮುರ್ಕೊಂಡು ಮಲಗಿದ್ರೂ ವಾಪಸ್ ಬರ್ತೀನಿ ಅಂತ ಬಾಡಿಗೆ ಕಳಿಸ್ತಾನೇ ಇದಾನೆ."

ಎಲ್ಡನ್‌ಗೆ ಉಣಿಸುವವಳು, ಮಗ್ಗುಲು ಬದಲಿಸುವವಳು ಮಾರ್ಲಾಳೇ. ಅವನು ಕಂಬಿ ಹಿಡಿದು ನಡೆಯುವುದನ್ನು ಮತ್ತೆ ಕಲಿಯುತ್ತಿದ್ದ. ಮನೆಗೆ ಹೋಗುವಷ್ಟು ಸುಧಾರಿಸುತ್ತಾನೆ ಎಂದು ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು.

ಅಂದು ಬಾಗಿಲವರೆಗೂ ನಡೆದು ಬಂದು ಕೂತವನು ಬೆವರು ಒರೆಸಿಕೊಂಡ. "ಮೆಕ್ಕೆಜೋಳ ಬಿತ್ತೋ ಹೊತ್ತಿಗೆ ಮನೇಲಿರ್ತೀನಿ, ಅಲ್ವಾ?"

"ಯಾರೂ ನಿಂಗೆ ಹೇಳಿಲ್ವಾ ತಾತ?" ಅವನ ಕಾಲುಚೀಲ ಸರಿಪಡಿಸುತ್ತಾ ಅವಳೆಂದಳು. "ಆ ಮೆಟ್ಟಿಲು ಹತ್ತೋಕೆ ನಿನ್ನ ಕೈಲಿ ಇನ್ನು ಆಗಲ್ಲ. ನಿನ್ನ ಮುಂದೆ ಹೇಳೋಕೆ ಡಾಕ್ಟ್ರು ಹಿಂದೆಮುಂದೆ ನೋಡ್ತಾರೆ ಅಷ್ಟೆ."

ಮುದುಕ ತಾನು ನಡೆದು ಬಂದ ಬಾಗಿಲಿನತ್ತ ನೋಡಿದ. ಆಮೇಲೆ ಅವಳ ಕೈ ಹಿಡಿದುಕೊಂಡು, "ನೀನಾದ್ರೂ ನಿಜ ಹೇಳ್ದೆ" ಎಂದ.

ಮರುದಿನ ಕಂಬಿಯ ಹತ್ತಿರ ಹೋಗಲೊಲ್ಲೆ ಎಂದ. ವ್ಯಾಯಾಮದ ಹುಡುಗಿ ರಮಿಸಿದಳು, ಗದರಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಕೆಲವೇ ದಿನಗಳಲ್ಲಿ ವೆಂಡೆಲ್‌ಗೆ ಫೋನ್ ಮಾಡಿಸಿ, ಮನೆ ಬಿಟ್ಟೆ ಎಂದ. ಅವನ ಕಿವಿಗೆ ಫೋನು ಹಿಡಿದವಳೂ ಮಾರ್ಲಾಳೇ.

ಅವನ ಕುರ್ಚಿ, ಸತ್ತ ಹೆಂಡತಿಯ ಹೊಲಿಗೆ ಯಂತ್ರ ಎಲ್ಲವನ್ನೂ ವೆಂಡೆಲ್ ಕಸದ ಲಾರಿಗೆ ಹಾಕಿಸಿದ. ಮಾರ್ಲಾ ಅಲ್ಲಿಗೆ ಬಂದಳು. ಖಾಲಿ ಕೋಣೆಗಳಲ್ಲಿ ಮಗಳು ಓಡಾಡಿದ್ದೇ ಓಡಾಡಿದ್ದು. ಎಷ್ಟೋ ತಿಂಗಳ ಮೇಲೆ ಮಾರ್ಲಾಳಿಗೆ ಒಳ್ಳೆಯ ನಿದ್ದೆ ಬಂತು. ಎದ್ದ ಮೇಲೆ, ಅಂಥ ನಿದ್ದೆ ಬಂತಲ್ಲಾ ಎಂದು ಅವಳಿಗೇ ಹೆದರಿಕೆಯಾಯಿತು.

ಎಲ್ಡನ್ ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಬೆನ್ನ ತುಂಬ ಹುಣ್ಣಾದವು. ಒಂದು ಮಧ್ಯಾಹ್ನ ಅವಳು ಸೂಪು ಕುಡಿಸುತ್ತಿದ್ದಾಗ ಕೇಳಿದ.

"ನನ್ನ ಮನೆಗೆ ಯಾರು ಬಂದ್ರಂತೆ?"

"ಯಾರೋ ತಾಯಿ ಮಗಳಂತೆ."

"ಮಗು ಇದ್ಯಾ? ಒಳ್ಳೇದಾಯ್ತು ಬಿಡು. ಅಡುಗೆಮನೆ ಕಿಟಕಿಗೆ ಬಟ್ಟೆ ತುರುಕೋಕೆ ಹೇಳು. ಗಾಳಿ ಬರತ್ತೆ, ಮಗೂಗೆ ಥಂಡಿ ಆಗತ್ತೆ."

"ಹೇಳ್ತೀನಿ ತಾತ. ಬಾಯಿ ತೆಗಿ" ಎಂದಳು.