ಸ್ಟ್ರೆಸ್ ಅಂದರೆ ಜಗದಾಂಬಾ ಅಲ್ಲ

ಬೈಪಾಸ್ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಮೂರನೆಯ ದಿನ ಷಡಕ್ಷರಪ್ಪನ ಎದೆಬಡಿತ ಇದ್ದಕ್ಕಿದ್ದಂತೆ ತಾಳ ತಪ್ಪಿತು. ಹಾಸಿಗೆ ಪಕ್ಕದ ಯಂತ್ರ ಕೂಗಿಕೊಂಡಿತು. ಭದ್ರಾವತಿಯ ಹಳೇನಗರದಲ್ಲಿ ಅವನ ಜೊತೆ ಬಟ್ಟೆ ಅಂಗಡಿ ನಡೆಸುವ ಹೆಂಡತಿ ಜಗದಾಂಬಾ, ಶಿವಮೊಗ್ಗದ ಆ ಆಸ್ಪತ್ರೆಯ ಗೋಡೆಗೆ ಒರಗಿ ನಿಂತುಬಿಟ್ಟಳು.

ಡಾಕ್ಟರ್ ಭೂಮಿಕಾ ಸಮಾಧಾನದಿಂದಲೇ ಹೇಳಿದಳು. "ಹೆದರಬೇಡಿ. ಹೃದಯದ ಆಪರೇಷನ್ ಆದ ತುಂಬಾ ಜನಕ್ಕೆ ಹೀಗಾಗುತ್ತೆ. ನಿಂತಿದ್ದ ರಕ್ತ ಮತ್ತೆ ಹರಿದಾಗ ಜೀವಕೋಶಗಳಿಗೆ ಆಮ್ಲಜನಕದಿಂದಲೇ ಪೆಟ್ಟು ಬೀಳುತ್ತೆ. ಆಕ್ಸಿಡೇಟಿವ್ ಸ್ಟ್ರೆಸ್ ಅಂತೀವಿ. ಅದೂ ಒಂದು ಕಾರಣ ಇರಬಹುದು."

ಪಕ್ಕದಲ್ಲಿದ್ದ ಮೈದುನ ಮಲ್ಲಿಕ್‌ಗೆ ಕೇಳಿಸಿದ್ದು 'ಸ್ಟ್ರೆಸ್' ಎಂಬ ಪದ ಮಾತ್ರ. ಸಂಜೆಯೊಳಗೆ ಹಳೇನಗರಕ್ಕೆಲ್ಲ ಸುದ್ದಿಯಾಯಿತು: ಷಡಕ್ಷರಪ್ಪನಿಗೆ ಸ್ಟ್ರೆಸ್ಸಂತೆ, ಡಾಕ್ಟರೇ ಹೇಳಿದರಂತೆ.

ಸ್ಟ್ರೆಸ್ ಕೊಡುವವರು ಮನೆಯಲ್ಲಿ ಇನ್ಯಾರಿದ್ದಾರೆ? ನೋಡಲು ಬಂದವರೆಲ್ಲ ಎಳನೀರು ಕೆಳಗಿಟ್ಟು ಜಗದಾಂಬಾಳ ಮುಖ ನೋಡಿದರು. "ಸ್ವಲ್ಪ ನಾಲಿಗೆ ಹಿಡಿತದಲ್ಲಿಟ್ಕೋ ಮಾರಾಯ್ತಿ, ಗಂಡಸರ ಹೃದಯ ಸೂಕ್ಷ್ಮ," ಎಂದಳು ಸಂಬಂಧದ ಪುಷ್ಪಮ್ಮ. ಪುಷ್ಪಮ್ಮನ ಗಂಡ, ಅಂಗಡಿಯ ಲೆಕ್ಕವನ್ನೆಲ್ಲ ಷಡಕ್ಷರಪ್ಪನ ಕೈಗೇ ಬಿಡಬೇಕೆಂದು ಸಲಹೆ ಕೊಟ್ಟ.

"ಅದು ಆ ಸ್ಟ್ರೆಸ್ ಅಲ್ಲ!" ಎಂದು ಜಗದಾಂಬಾ ಹೇಳಿದಷ್ಟೂ, "ನೋಡು, ಈಗಲೂ ರೇಗ್ತಾಳೆ," ಎಂದರು. ಷಡಕ್ಷರಪ್ಪ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಬಂದಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಬಡಿತ ಸರಿಹೋಗಿ ಮನೆಗೆ ಬಂದ ಮೇಲೆ ಆ ಪದ ಅವನ ಕೈಗೆ ಸಿಕ್ಕ ಕೋಲಾಯಿತು. ಅವಳು ಉಪ್ಪಿನಕಾಯಿ ಬೇಡವೆಂದರೆ, "ಸ್ಟ್ರೆಸ್ ಕೊಡಬೇಡ." ಉಸಿರಾಟದ ವ್ಯಾಯಾಮ ಮಾಡಿ ಎಂದರೆ, "ಬಂತು ನೋಡು ಸ್ಟ್ರೆಸ್ಸು." ಮಲ್ಲಿಕ್ ಯಾವುದೋ ಹಣ್ಣಿನ ಕೆಂಪು ರಸದ ಬಾಟಲಿಗಳನ್ನು ತಂದಿಟ್ಟ. "ಆಂಟಿಆಕ್ಸಿಡೆಂಟ್ ಅಣ್ಣ, ಪ್ಯೂರ್. ಸ್ಟ್ರೆಸ್ಸನ್ನೇ ಓಡಿಸುತ್ತೆ. ಇದಿದ್ರೆ ಆ ಮಾತ್ರೆಗಳೆಲ್ಲ ಯಾಕೆ? ಹೊಟ್ಟೆ ಹಾಳು."

ಜಗದಾಂಬಾ ದಿನವೂ ಬೆಳಿಗ್ಗೆ ಮಾತ್ರೆ ಕೈಗಿಟ್ಟು ಅಂಗಡಿ ಬಾಗಿಲು ತೆಗೆಯಲು ಹೋಗುತ್ತಿದ್ದಳು. ಅವನು ನುಂಗುತ್ತಿದ್ದಾನೆಂದೇ ನಂಬಿದ್ದಳು.

ಒಂದು ಬೆಳಿಗ್ಗೆ ತಿಂಡಿಗೆ ಕುಳಿತವನು ಎದೆ ಹಿಡಿದುಕೊಂಡ. "ಒಳಗೆ ಏನೋ ಪಟಪಟ ಅಂತಿದೆ ಕಣೇ." ಮುಖ ಬಿಳಿಚಿತ್ತು. ಅವಳು ಮಲ್ಲಿಕ್ ಓಡಿಸಿದ ಕಾರಿನಲ್ಲಿ ಗಂಡನನ್ನು ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೊರಟಳು. ದಾರಿಯುದ್ದಕ್ಕೂ ಅವನು ಅವಳ ಮಣಿಕಟ್ಟು ಬಿಡಲಿಲ್ಲ. ಅವಳೂ ಒಂದು ಮಾತನ್ನೂ ಆಡಲಿಲ್ಲ, ಆಡಿದರೆ ಸ್ಟ್ರೆಸ್ಸಲ್ಲವೇ!

ಇಸಿಜಿ ನೋಡಿದ ಭೂಮಿಕಾ ಕೇಳಿದಳು, "ಮಾತ್ರೆ ಸರಿಯಾಗಿ ತಗೋತಿದೀರಾ?"

ಷಡಕ್ಷರಪ್ಪ ತಮ್ಮನ ಕಡೆ ನೋಡಿದ. ಮಲ್ಲಿಕ್ ನೆಲ ನೋಡಿದ. ಕೊನೆಗೆ ಮಾತ್ರೆ ಬಿಟ್ಟು ಜ್ಯೂಸ್ ಕುಡಿಯುತ್ತಿದ್ದ ವಿಷಯ ಹೊರಬಿತ್ತು.

"ಡಾಕ್ಟ್ರೇ," ಎಂದಳು ಜಗದಾಂಬಾ, "ಆವತ್ತು ಹೇಳಿದ್ರಲ್ಲ ಸ್ಟ್ರೆಸ್ಸು, ಅದನ್ನ ಇವರಿಬ್ಬರಿಗೂ ಕನ್ನಡದಲ್ಲಿ ಇನ್ನೊಂದ್ಸಲ ಹೇಳಿ. ನನ್ನಿಂದ ಆಗಲ್ಲ."

ಭೂಮಿಕಾ ಒಂದು ಕ್ಷಣ ಬೆರಗಾದಳು, ಆಮೇಲೆ ಅರ್ಥವಾಯಿತು. "ಅಯ್ಯೋ, ಅದು ಮನೆ ಜಗಳದ ಸ್ಟ್ರೆಸ್ ಅಲ್ಲ. ಜೀವಕೋಶದೊಳಗೆ ಆಗೋ ಹಾನಿ. ಇವರು ಬೈದ್ರೆ ಬರೋದಲ್ಲ, ನೀವು ಜ್ಯೂಸ್ ಕುಡಿದ್ರೆ ಹೋಗೋದೂ ಅಲ್ಲ. ಬಡಿತ ತಪ್ಪಿದಾಗ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದ್ರೆ ಏನ್ಮಾಡ್ತೀರಿ? ಆ ಮಾತ್ರೆ ಅದಕ್ಕೇ ಕೊಟ್ಟಿದ್ದು. ಇವತ್ತು ಇವರು ಬೇಗ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು."

ಮರುದಿನದ ಹೊತ್ತಿಗೆ ಬಡಿತ ಹದಕ್ಕೆ ಬಂತು. ಜಗದಾಂಬಾ ಕ್ಯಾಂಟೀನಿನಿಂದ ಇಡ್ಲಿ ತಂದು ಬಿಚ್ಚುವಷ್ಟರಲ್ಲಿ ಫೋನ್ ಬಂತು. ಷಡಕ್ಷರಪ್ಪನ ಅಕ್ಕ. "ಮತ್ತೆ ಏನು ಮಾಡಿದ್ಯೇ ಅವನಿಗೆ?"

ಜಗದಾಂಬಾ ಸ್ಪೀಕರ್ ಒತ್ತಿ ಫೋನನ್ನು ಗಂಡನ ಎದೆಯ ಮೇಲಿಟ್ಟಳು. "ನೀವೇ ಹೇಳಿ. ಕಣ್ಣು ಮುಚ್ಕೋಬೇಡಿ."

ಅವನು ಫೋನನ್ನು ಕೈಗೆತ್ತಿಕೊಂಡ. "ಅಕ್ಕ, ಅವಳೇನೂ ಮಾಡಿಲ್ಲ. ಮಾತ್ರೆ ಬಿಟ್ಟವನು ನಾನು. ಆವತ್ತೇ ಹೇಳಬೇಕಿತ್ತು."

ಆ ಕಡೆಯಿಂದ ಪ್ರಶ್ನೆಗಳು ಶುರುವಾದವು. ಅವನು ಒಂದೊಂದಕ್ಕೂ ತಡವರಿಸುತ್ತ ಉತ್ತರ ಕೊಡತೊಡಗಿದ. ಜಗದಾಂಬಾ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಇಡ್ಲಿ ತಿನ್ನುತ್ತ ಕೇಳಿಸಿಕೊಂಡಳು. ಅವನಿಗೆ ಸಹಾಯ ಮಾಡಲು ಹೋಗಲಿಲ್ಲ.