ನಿಂಬೆರಸದ ಸಿಗರೇಟು

ನಂದಾ ತೀರಿಹೋದ ಅಪ್ಪನ ಹಣೆಗೆ ಭಂಡಾರದ ಅರಿಶಿನ ಹಚ್ಚುತ್ತಿದ್ದಾಗ ನಸ್ರೀನ ಮೇಡಂ ಅಂಗಳಕ್ಕೆ ಬಂದರು. ವಿಜಯಪುರದ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದಾಗ ನಂದಾಳ ಅಪ್ಪ ಅಮೋಘಿ ಇಪ್ಪತ್ತಾರು ವರ್ಷ ಪ್ರಯೋಗಾಲಯದ ಸಹಾಯಕನಾಗಿದ್ದ. ಈಗ ಬಿಜ್ಜರಗಿಯ ಅವನ ಮನೆಯೊಳಗೆ ಗೋಡೆಗೆ ಅವನನ್ನು ಒರಗಿಸಿ ಕೂರಿಸಿದ್ದರು.

“ಬರ್ರಿ ಮೇಡಂ,” ಎಂದಳು ಹೆಂಡತಿ ಕಾಳವ್ವ. “ಉಸರಿಗಿ ಭಾಳ ತ್ರಾಸ ಪಟ್ಟ ಹೋದ್ರು.”

ನಂದಾ ಎದ್ದು ಮೇಡಂ ಅವರ ಕೈ ಹಿಡಿದು ಮೂಲೆಗೆ ಕರೆದೊಯ್ದಳು.

“ಎಲ್ಲಾ ನನ್ನಿಂದ ಆತ್ರಿ. ಸಿಗರೇಟ ಬಿಡ್ರಿ ಅಂತ ಅವ್ವ ಜಗಳಾಡ್ತಿದ್ಲು. ಲಿಂಬಿ ರಸ ಹಚ್ಚಿದ್ರ ವಿಷ ನಿಲ್ಲತೈತಿ ಅಂತ ನಾನಽ ಅಂದೆ. ನಾ ಹಂಗ ಅನ್ನದಿದ್ರ ಅಪ್ಪ ಬಿಡ್ತಿದ್ದ.”

*

ನಂದಾ ಆಗ ಏಳನೆಯ ತರಗತಿ. ಶಾಲೆಯಲ್ಲಿ ಆಮ್ಲ, ಕ್ಷಾರದ ಪಾಠ ಕೇಳಿ ಬಂದವಳು ಅಪ್ಪನ ಎರಡು ಸಿಗರೇಟುಗಳ ಫಿಲ್ಟರಿಗೆ ನಿಂಬೆರಸ ಸವರಿ ಬಿಸಿಲಿಗೆ ಒಣಗಿಸಿದ್ದಳು. ಅಮೋಘಿ ಅವನ್ನು ಸೇದದೆ ಪ್ರಯೋಗಾಲಯಕ್ಕೆ ತಂದ. ಅವನೂ ಮೇಡಂ ಕೂಡಿ ರಸ ಹಚ್ಚಿದ್ದೊಂದು, ಹಚ್ಚದ್ದೊಂದು ಹೊತ್ತಿಸಿ, ಹೊಗೆಯನ್ನು ಪಂಪಿನಿಂದ ಬೇರೆಬೇರೆ ಹತ್ತಿಯ ಮೂಲಕ ಎಳೆದರು. ಎರಡೂ ಹತ್ತಿ ಒಂದೇ ಕಂದುಬಣ್ಣಕ್ಕೆ ತಿರುಗಿದವು. ಒದ್ದೆ ಲಿಟ್ಮಸ್ ಎರಡರಲ್ಲೂ ಕೆಂಪಾಯಿತು.

“ಸಿಗರೇಟಿನ ಹೊಗಿ ಮೊದಲಽ ಹುಳಿ ಅದ, ಅಮೋಘಿ. ಹುಳಿ ಹಿಡಿಯೂದು ಕ್ಷಾರಾನ. ನಿಕೋಟಿನ್ ಚೂರು ನಿಂತೀತು, ಟಾರು, ವಿಷಗಾಳಿ ಹಂಗಽ ದಾಟ್ತಾವ. ಹುಳಿ ಹೊಗಿ ಗಂಟಲಾ ಅಷ್ಟು ಸುಡೂದಿಲ್ಲ. ಅದಕ್ಕಽ ಎದಿಯಾಳಕ್ಕ ಇಳೀತದ,” ಎಂದರು ಮೇಡಂ.

ಅಮೋಘಿ ಬಹಳ ಹೊತ್ತು ಹತ್ತಿಯನ್ನೇ ನೋಡಿದ. ಮಗಳು ಕೊಟ್ಟ ಇನ್ನೊಂದು ಸಿಗರೇಟನ್ನು ಕಿಸೆಯಿಂದ ತೆಗೆದು ನೀರಿಗೆ ಹಾಕಿದ.

“ನಮ್ಮ ನಂದಾಗ ಇದನ್ನ ಹೇಳಬ್ಯಾಡ್ರಿ, ಮೇಡಂ.”

*

“ನಿನ್ನ ಸಿಗರೇಟ ಲ್ಯಾಬಿನಾಗ ಸುಟ್ಟು ನೋಡಿದ ದಿನದಿಂದ ನಿಮ್ಮಪ್ಪ ಸೇದಲಿಲ್ಲ, ನಂದಾ,” ಎಂದರು ಮೇಡಂ. “ಹದಿನೈದನೇ ವಯಸ್ಸಿಗಿ ಹಿಡಿದ ಚಟ. ಎದಿ ಅಷ್ಟರಾಗ ಕೆಟ್ಟಿತ್ತು. ಅವತ್ತ ಬಿಟ್ಟದ್ದಕ್ಕಽ ಇಷ್ಟು ವರ್ಷ ಉಳದಿದ್ದ.”

“ಮತ್ತ ನನ್ನ ಮದುವಿ ತನಕಾ ದಿನಾ ಎರಡು ಇಸ್ಕೊಂಡು ಹೋಗ್ತಿದ್ನಲ್ರಿ?”

“ತಂದು ನೀರಿಗಿ ಹಾಕ್ತಿದ್ದ. ಮಗಳಿಗಿ ಖರೇ ಹೇಳಬಾರದೇನೋ ಅಂತ ನಾ ಬೈತಿದ್ದೆ. ‘ಅದನ್ನ ಕೊಡಾಕಂತ ಮುಂಜಾನೆ ಬಸ್ಸಿನ ತನಕಾ ನನ್ನ ಜೋಡಿ ಬರ್ತಾಳ್ರಿ’ ಅಂತಿದ್ದ.”

ನಂದಾ ಅಪ್ಪನ ಕಡೆ ನಡೆದಳು. ಹೊರಗೆ ಡೊಳ್ಳು ಶುರುವಾಯಿತು. ಹೆಣ ಎತ್ತಲು ಬಂದ ಗಂಡಸರು ಅವಳನ್ನು ಕಂಡು ಹೊಸ್ತಿಲಲ್ಲೇ ನಿಂತರು. ಅವಳು ಅಪ್ಪನ ಪಕ್ಕ ಗೋಡೆಗೆ ಒರಗಿ ಕುಳಿತು, ಅವನ ಹೆಗಲ ಮೇಲೆ ತಲೆಯಿಟ್ಟಳು. ಅವನ ತಲೆಯ ರುಮಾಲು ಅವಳ ಕಡೆ ವಾಲಿ ಓರೆಯಾಯಿತು. ಯಾರೂ ಅದನ್ನು ಸರಿಪಡಿಸಲು ಹೋಗಲಿಲ್ಲ.