ಮೂರು ಸಾವಿರದ ಗೆರೆ

ದೊಡ್ಡಪ್ಪ ಭರಮಣ್ಣ ಹ್ಞೂಂ ಅನ್ನದೆ ಆ ಮನೆಗೆ ಒಂದು ಸ್ಕೂಟರ್ ಕೂಡ ಬಂದದ್ದಿಲ್ಲ. ಮೂವತ್ತನಾಲ್ಕು ವರ್ಷ ಲಾರಿ ಓಡಿಸಿದವರು. ಗಾಡಿಯ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ. ಚೈತ್ರಾ ದಾವಣಗೆರೆಯ ಪಿ.ಜೆ. ಬಡಾವಣೆಯ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ದುಡಿದು, ತನ್ನದೇ ಸಂಬಳದಲ್ಲಿ ಹಳೆಯ ಕಾರು ಕೊಳ್ಳಲು ಹೊರಟಾಗಲೂ ಅವ್ವ ಕೊಟ್ರವ್ವ ಹೇಳಿದ್ದು ಇಷ್ಟೇ: "ದೊಡ್ಡಪ್ಪನ್ನ ಕರ್ಕೊಂಡು ಹೋಗು."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಹರಿಹರಕ್ಕೆ ಹೊರಟರು. ಹೊರಟದ್ದು ಲೋಕಿಕೆರೆಯ ಹರೀಶ ಮಾರಲು ಇಟ್ಟಿದ್ದ ಕಾರಿನಲ್ಲೇ. ಒಂದೇ ಲೀಟರಿನ ಚಿಕ್ಕ ಎಂಜಿನ್, ಅದಕ್ಕೆ ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ; ಮೂರು ವರ್ಷ ಹಳೆಯದು. ಓಡಿಸಿ ನೋಡಿ ಎಂದು ಒಂದು ದಿನದ ಮಟ್ಟಿಗೆ ಕೊಟ್ಟಿದ್ದ. ಆದರೆ ಚೈತ್ರಾಳ ಮನಸ್ಸಿದ್ದದ್ದು ಹರಿಹರದ ಶಿವಮೂರ್ತಿ ಮೇಷ್ಟ್ರ ಕಾರಿನ ಮೇಲೆ. ಅದಕ್ಕೆ ಹನ್ನೆರಡು ವರ್ಷ. 1.6 ಲೀಟರಿನ ಎಂಜಿನ್, ಟರ್ಬೊ ಇಲ್ಲ. ಅಂಥದ್ದೇ ಕಾರನ್ನು ಗೆಳತಿಯ ಮನೆಯಲ್ಲಿ ಒಮ್ಮೆ ಓಡಿಸಿದ ಮೇಲೆ ಬೇರೆ ಯಾವುದೂ ಅವಳಿಗೆ ಹಿಡಿಸಿರಲಿಲ್ಲ. ಹನ್ನೆರಡು ಗಂಟೆಗೆ ರಾಣೆಬೆನ್ನೂರಿನಿಂದ ಇನ್ನೊಬ್ಬರು ನೋಡಲು ಬರುತ್ತಾರೆಂದು ಮೇಷ್ಟ್ರು ಮೊದಲೇ ತಿಳಿಸಿದ್ದರು.

ಭರಮಣ್ಣನವರ ಪರೀಕ್ಷೆ ಒಂದೇ. ನಾಲ್ಕನೇ ಗೇರು, ನಲವತ್ತರ ವೇಗ, ಅಲ್ಲಿಂದ ಆಕ್ಸಿಲರೇಟರ್ ಪೂರ್ತಿ ಒತ್ತುವುದು. "ಗೇರ್ ಇಳಿಸ್ದೇನೇ ಎಳೀಬೇಕು. ಅದಕ್ಕ ಪಿಕಪ್ ಅಂತಾರ."

ಪಿ.ಬಿ. ರಸ್ತೆ ಖಾಲಿ ಸಿಕ್ಕಲ್ಲಿ ಒತ್ತಿದರು. ಎರಡು ಸೆಕೆಂಡು ಕಾರಿಗೆ ಕಿವಿಯೇ ಕೇಳಿಸಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ನೂಕಿದಂತೆ ಮುನ್ನುಗ್ಗಿತು. ಚೈತ್ರಾ ಮೊಬೈಲಿನಲ್ಲಿ ಸಮಯ ಹಿಡಿದಿದ್ದಳು: ಎಂಬತ್ತು ಮುಟ್ಟಲು ಹತ್ತು ಸೆಕೆಂಡು.

"ನೋಡು, ಕುಂತ ಎಮ್ಮೆ ಎದ್ದು ಓಡ್ದಂಗೆ," ಎಂದರು ಭರಮಣ್ಣ, ಖುಷಿಯಿಂದ.

"ಆ ಎರಡು ಸೆಕೆಂಡ್ ಎಲ್ಲಿ ಹೋಗಿತ್ತು ದೊಡ್ಡಪ್ಪ?"

"ಉಸಿರು ತಗೊಂತು."

"ನನ್ನ ಕಾಲು ಈಗ ಕೇಳಿದ್ದಕ್ಕೆ ಅದು ಆಮೇಲೆ ಉತ್ತರ ಕೊಟ್ರೆ ಹೆಂಗ್ರಿ?"

"ಕೊಡ್ತಲ್ಲ. ನಿಮ್ಮ ದೊಡ್ಡವ್ವ ಕೇಳಿದ್ದಕ್ಕ ಉತ್ತರಾನೇ ಕೊಡಲ್ಲ."

ಮೇಷ್ಟ್ರು ಮನೆಯ ಮುಂದೆ ಕಾರು ಒರೆಸುತ್ತ ನಿಂತಿದ್ದರು. ಊರಾಚೆಯ ಹೊಸ ಲೇಔಟು ಅದು; ಎದುರಿಗೆ ಅರ್ಧ ಕಿಲೋಮೀಟರ್ ನೇರ ರಸ್ತೆ, ಅಕ್ಕಪಕ್ಕ ಖಾಲಿ ಸೈಟುಗಳು. ಮೇಷ್ಟ್ರು ಕೀಲಿಯನ್ನು ಹಿರಿಯರ ಕೈಗೇ ಕೊಟ್ಟರು.

ಮತ್ತೆ ನಾಲ್ಕನೇ ಗೇರು, ಮತ್ತೆ ನಲವತ್ತು. ಹದಿಮೂರು ಸೆಕೆಂಡು ಹಿಡಿಯಿತು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಮುಳ್ಳು ಮೂರು ಸಾವಿರವನ್ನೂ ಮುಟ್ಟಲಿಲ್ಲ.

"ಸಪ್ಪೆ ಐತೆ," ಎಂದರು.

"ಗೇರ್ ಇಳಿಸ್ರಿ. ಎರಡಕ್ಕೆ ಹಾಕ್ರಿ. ಇದರ ಶಕ್ತಿ ನಾಲ್ಕು ಸಾವಿರದ ಮ್ಯಾಲೆ ಐತೆ."

"ಎರಡರಾಗ ಎಂಬತ್ತಾ? ಇಂಜಿನ್ ಬಾಯಿಗೆ ಬರ್ತೈತೆ."

"ಆರೂವರೆ ಸಾವಿರದ ತನಕ ಹೋಗ್ಲಿ ಅಂತಾನೇ ಮಾಡಿದ್ದಾರೆ."

"ಮಾಡ್ದೋರು ಬಂದು ರಿಪೇರಿ ಮಾಡಿ ಕೊಡ್ತಾರೇನು?"

ಚೈತ್ರಾಗೆ ತಲೆ ಚಚ್ಚಿಕೊಳ್ಳುವಂತಾಯಿತು. ಓಟಗಾರನಿಗೆ ಮೂಟೆ ಹೊರಿಸಿ ಓಡಲು ಬರುವುದಿಲ್ಲ ಎಂದಂತಾಗಿತ್ತು ಇದು. ವಾದ ಬಿಟ್ಟು, ದೊಡ್ಡಪ್ಪನನ್ನು ಇಳಿಸಿ, ತಾನೇ ಸ್ಟೇರಿಂಗಿಗೆ ಕುಳಿತಳು. ಮೊಬೈಲನ್ನು ಅವರ ಕೈಗಿತ್ತಳು.

ಎರಡನೇ ಗೇರಿನಲ್ಲಿ ನಲವತ್ತು. ಒತ್ತಿದಳು. ಕಾಯುವುದೂ ಇಲ್ಲ, ನೂಕುವುದೂ ಇಲ್ಲ. ಕಾಲು ಎಷ್ಟು ಇಳಿಯಿತೋ ಕಾರು ಅಷ್ಟೇ ಎಳೆಯಿತು. ಮೂರು ಸಾವಿರ, ನಾಲ್ಕು ಸಾವಿರ. ಅಲ್ಲಿಂದ ಎಂಜಿನ್ನಿನ ದನಿಯೇ ಬದಲಾಯಿತು, ಎಳೆತ ಇನ್ನೂ ಬಿಗಿಯಾಯಿತು. ಸ್ಟೇರಿಂಗಿನಲ್ಲಿ ರಸ್ತೆಯ ಕಲ್ಲು ಕಲ್ಲೂ ಅಂಗೈಗೆ ತಿಳಿಯುತ್ತಿತ್ತು. ಎಂಬತ್ತು ದಾಟಿದಾಗ ಕಾಲು ತೆಗೆದಳು.

"ಎಷ್ಟು?"

"ಐದೂವರೆ," ಎಂದರು ಭರಮಣ್ಣ. ಮೇಲಿನ ಹಿಡಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ.

ಮೇಷ್ಟ್ರು ಗೇಟಿನಾಚೆ ರಸ್ತೆಗೇ ಬಂದು ನಿಂತಿದ್ದರು. ಕೈಯಲ್ಲಿನ ಒರೆಸುವ ಬಟ್ಟೆ ಹಿಂಡಿದಂತಾಗಿತ್ತು.

"ಯಾರು ಓಡ್ಸಿದ್ದು?"

"ನಾನೇ ಸರ್. ಎಂಜಿನ್ ಬಾಳ ಚೆನ್ನಾಗಿ..."

"ಹನ್ನೆರಡು ವರ್ಷದಾಗ ಒಂದು ದಿನ ಮೂರು ಸಾವಿರ ದಾಟ್ಸಿಲ್ಲ ನಾನು. ಇಲ್ಲಿಗೆ ಕೇಳ್ತು ಅದು ಅರಚಿದ್ದು."

"ಅದು ಅರಚಿದ್ದಲ್ಲ ಸರ್, ಅದರ ದನಿನೇ ಹಂಗೆ. ಬಿಸಿ ಆದಮ್ಯಾಲೇ ಒತ್ತಿದ್ದು. ಮುಳ್ಳು ಕೆಂಪು ಗೆರೆ ಮುಟ್ಟಿಲ್ಲ."

ಮೇಷ್ಟ್ರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. "ಹೋಗ್ಲಿ ಬಿಡು. ಇನ್ನು ಮೂರು ಸಾವಿರ ದಾಟ್ಸಲ್ಲ ಅಂತ ಒಂದು ಮಾತು ಕೊಡವ್ವ. ರಾಣೆಬೆನ್ನೂರಿನವರಿಗೆ ಬರಬ್ಯಾಡ್ರಿ ಅಂತ ಈಗ್ಲೇ ಫೋನ್ ಮಾಡ್ತೀನಿ."

ಆಯ್ತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಬೆಳಗಿನಿಂದ ಒಂದೇ ವಿಷಯವನ್ನು ಹೇಳಿ ಹೇಳಿ ಚೈತ್ರಾಳ ಗಂಟಲು ಒಣಗಿತ್ತು.

"ಮೂರು ಸಾವಿರ ದಾಟ್ಸಲ್ಲ ಅಂದ್ರೆ ಈ ಕಾರು ನನಗ್ಯಾಕೆ ಸರ್? ಇದರಲ್ಲಿರೋದೆಲ್ಲ ಅದರ ಮ್ಯಾಲೇ ಐತೆ. ನೀವು ಹನ್ನೆರಡು ವರ್ಷ ಅರ್ಧ ಕಾರು ಓಡ್ಸೀರಿ."

ಮೇಷ್ಟ್ರು ಕೈ ಚಾಚಿದರು. ಅವಳು ಕೀಲಿ ಕೊಟ್ಟಳು.

"ಅರ್ಧಾನೇ ಇರ್ಲಿ," ಎಂದು ಮೇಷ್ಟ್ರು ಭರಮಣ್ಣನವರ ಕಡೆಗೆ ತಿರುಗಿದರು. "ಚಾ ಕುಡ್ಕೊಂಡು ಹೋಗ್ರಿ ಯಜಮಾನ್ರೆ."

ಚಹಾ ಯಾರೂ ಕುಡಿಯಲಿಲ್ಲ.

ವಾಪಸು ಬರುವಾಗ ಹರೀಶನ ಕಾರನ್ನು ಚೈತ್ರಾಳೇ ಓಡಿಸಿದಳು. ನಾಲ್ಕೈದು ಕಿಲೋಮೀಟರ್ ದಾಟಿದ್ದರು.

"ಕಾರು ಚಲೋ ಇತ್ತು," ಎಂದರು ಭರಮಣ್ಣ.

"ಯಾವುದು?"

"ಮೇಷ್ಟ್ರದು. ಹ್ಞೂಂ ಅನ್ಬೇಕು ಅಂತಾನೇ ಇಳಿದೆ. ಅಷ್ಟ್ರಾಗ ನೀನು ಪಾಠ ಶುರು ಹಚ್ಚಿದ್ದಿ. ಅದೂ ಮೇಷ್ಟ್ರಿಗೆ."

ಚೈತ್ರಾ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಹಿಂದಿದ್ದ ಆಟೋದವನು ಹಾರನ್ ಹೊಡೆದು, ಬೈದು ಮುಂದೆ ಹೋದ.

"ಒಂದು ಮಾತು ಆಯ್ತ್ರಿ ಅಂದಿದ್ರೆ ಏನಾಗ್ತಿತ್ತು?" ಭರಮಣ್ಣ ಮುಂದುವರಿಸಿದರು. "ಮೇಷ್ಟ್ರು ದಿನಾ ದಾವಣಗೆರಿಗೆ ಬಂದು ನಿನ್ನ ಮುಳ್ಳು ನೋಡ್ತಿದ್ರೇನು?"

ಕಾರಿನ ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ರಾಣೆಬೆನ್ನೂರಿನವರು ಬರಲು ಇನ್ನೂ ಕಾಲು ಗಂಟೆಯಿತ್ತು.

"ತಿರುಗಿಸ್ಲಾ ದೊಡ್ಡಪ್ಪ? ಹೋಗಿ ಆಯ್ತು ಅಂತ ಹೇಳಿಬಿಡ್ಲಾ?"

"ಈಗ ಹೇಳಿದ್ರ ನಂಬಲ್ಲ ಅವರು," ಎಂದರು ಭರಮಣ್ಣ. "ನೀನು ನಿಜ ಹೇಳೋಳು ಅಂತ ಗೊತ್ತಾಗೋಗೈತಲ್ಲ."